ಬಾಂಬ್ ಬಿತ್ತೋ, ಹಾಕಿದರೋ?

ಸಾಗರದಿಂದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ವಾಯುದಾಳಿಗಳ ತನಿಖೆಗೆ ಆರು ಪುಟ ಕೊಟ್ಟಿದ್ದೀರಿ. ಯುದ್ಧದಲ್ಲಿ ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ. ಬಾಂಬ್ ಯಾರದ್ದು ಎಂದು ವರ್ಷಗಟ್ಟಲೆ ಕೆದಕಿ ಆಗುವುದೇನು? ಸತ್ತವರು ಎದ್ದು ಬರುತ್ತಾರೆಯೇ?"

ಮೇಷ್ಟ್ರೇ, ನಿಮ್ಮ ಕಾಗದವನ್ನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ, ಒಪ್ಪಿದೆ. ಎಷ್ಟೋ ತನಿಖೆ ದಡ ಮುಟ್ಟುವುದಿಲ್ಲ, ಅದೂ ನಿಜ. 2023ರ ಅಕ್ಟೋಬರ್ 17ರ ರಾತ್ರಿ ಗಾಜಾದ ಅಲ್-ಅಹ್ಲಿ ಆಸ್ಪತ್ರೆಯ ಅಂಗಳದಲ್ಲಿ ಸ್ಫೋಟವಾಯಿತು. ಇಸ್ರೇಲ್ ದಾಳಿ ಎಂದಿತು ಹಮಾಸ್. ಗಾಜಾದ ಇನ್ನೊಂದು ಸಶಸ್ತ್ರ ಗುಂಪು ಇಸ್ಲಾಮಿಕ್ ಜಿಹಾದ್ ಹಾರಿಸಿದ ರಾಕೆಟ್ ಕೆಟ್ಟು ಬಿದ್ದದ್ದು ಎಂದಿತು ಇಸ್ರೇಲ್. ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್‌ಗೆ ಸಿಕ್ಕ ಸಾಕ್ಷ್ಯ ರಾಕೆಟ್ ಕಡೆ ಬೊಟ್ಟು ಮಾಡಿತು. ಲಂಡನ್ನಿನ ತನಿಖಾ ಸಂಸ್ಥೆ ಫೊರೆನ್ಸಿಕ್ ಆರ್ಕಿಟೆಕ್ಚರ್ ಇಸ್ರೇಲಿನ ಮಾತನ್ನು ಒಪ್ಪಲಿಲ್ಲ. ಅವಸರದಲ್ಲಿ ಶೀರ್ಷಿಕೆ ಕೊಟ್ಟ ನ್ಯೂಯಾರ್ಕ್ ಟೈಮ್ಸ್, ಹಮಾಸ್ ಹೇಳಿಕೆಯನ್ನು ಜಾಸ್ತಿ ನೆಚ್ಚಿಕೊಂಡೆವು ಎಂದು ಕೆಲವೇ ದಿನಗಳಲ್ಲಿ ಸಂಪಾದಕರ ಟಿಪ್ಪಣಿ ಹಾಕಬೇಕಾಯಿತು.

ಇದನ್ನು ನೋಡಿ ನೀವು ಬಿಟ್ಟುಬಿಡಿ ಅನ್ನುತ್ತೀರಿ. ನಾನು ಇನ್ನೂ ಹತ್ತಿರ ಹೋಗಿ ನೋಡಬೇಕು ಅನ್ನುತ್ತೇನೆ.

2021ರ ಆಗಸ್ಟ್ 29ನ್ನು ತೆಗೆದುಕೊಳ್ಳಿ. ಕಾಬೂಲಿನಲ್ಲಿ ಮನೆಯೊಂದರ ಅಂಗಳದಲ್ಲಿದ್ದ ಬಿಳಿ ಕಾರಿನ ಮೇಲೆ ಅಮೆರಿಕದ ಡ್ರೋನ್ ಕ್ಷಿಪಣಿ ಹಾರಿಸಿತು. ಕಾರಿನಲ್ಲಿ ಸ್ಫೋಟಕ ಇತ್ತು, ಎರಡನೇ ಸ್ಫೋಟವೂ ಆಯಿತು, ದಾಳಿ ನ್ಯಾಯವಾಗಿಯೇ ಇತ್ತು ಎಂದರು ಸೇನೆಯ ದೊಡ್ಡವರು. ಪತ್ರಕರ್ತರು ಆ ಮನೆಗೆ ಹೋದರು. ಎರಡನೇ ಸ್ಫೋಟವಾಗಿದ್ದರೆ ಗೋಡೆ ಬೀಳಬೇಕಿತ್ತು, ಬಿದ್ದಿರಲಿಲ್ಲ. ಸತ್ತ ಚಾಲಕ ಕೆಲಸ ಮಾಡುತ್ತಿದ್ದ ಕಚೇರಿಯ ಕ್ಯಾಮೆರಾ ದೃಶ್ಯ ಸಿಕ್ಕಿತು. ಆತ ಆ ದಿನ ಮನೆಗೆ ನೀರು ತುಂಬಿಸಿಕೊಳ್ಳುತ್ತಿದ್ದ. ಸತ್ತವರು 10 ಜನ, ಅದರಲ್ಲಿ 7 ಮಕ್ಕಳು. ಸೆಪ್ಟೆಂಬರ್ 17ಕ್ಕೆ ಅಮೆರಿಕ ತಪ್ಪೊಪ್ಪಿಕೊಂಡಿತು. ಶಿಕ್ಷೆ ಯಾರಿಗೂ ಆಗಲಿಲ್ಲ. ಆದರೂ ಆ ಮನೆಯವರ ಹೆಸರಿಗೆ ಮೆತ್ತಿದ್ದ ಭಯೋತ್ಪಾದಕರ ಪಟ್ಟ ಅಳಿಸಿಹೋಯಿತಲ್ಲ? ಸತ್ತವರು ಎದ್ದು ಬರುವುದಿಲ್ಲ ಮೇಷ್ಟ್ರೇ. ಉಳಿದವರು ಅದೇ ಬೀದಿಯಲ್ಲಿ ತಲೆಯೆತ್ತಿ ಓಡಾಡಬೇಕಲ್ಲ.

ಇರಾಕಿನ ಮೊಸುಲ್ ನಗರದ ಕಥೆ ಇನ್ನೂ ಕಷ್ಟದ್ದು. 2017ರ ಮಾರ್ಚ್ 17ರಂದು ಅಲ್-ಜದೀದಾ ಬಡಾವಣೆಯಲ್ಲಿ ಜನ ಆಶ್ರಯ ಪಡೆದಿದ್ದ ಮನೆಯೊಂದು ಕುಸಿಯಿತು. ಐಸಿಸ್ ಸ್ಫೋಟಕ ಇಟ್ಟಿತ್ತು ಎಂದಿತು ಇರಾಕ್ ಸೇನೆ. ಮೇ ತಿಂಗಳಲ್ಲಿ ಅಮೆರಿಕದ ತನಿಖಾ ವರದಿ ಬಂತು: ಚಾವಣಿ ಮೇಲಿದ್ದ ಇಬ್ಬರು ಐಸಿಸ್ ಬಂದೂಕುಧಾರಿಗಳನ್ನು ಹೊಡೆಯಲು 500 ಪೌಂಡಿನ ಒಂದು ಬಾಂಬ್ ಹಾಕಿದ್ದು ನಾವೇ, 105 ನಾಗರಿಕರು ಸತ್ತರು, ಆದರೆ ಮನೆ ಕುಸಿದದ್ದು ಒಳಗೆ ಐಸಿಸ್ ಇಟ್ಟಿದ್ದ ಸ್ಫೋಟಕದಿಂದ. ಬದುಕುಳಿದವರು, ನೆರೆಹೊರೆಯವರು ಹೇಳಿದ್ದು ಬೇರೆ. ಅಲ್ಲಿ ಸ್ಫೋಟಕವೇ ಇರಲಿಲ್ಲ ಎಂದರು. ಈ ಜಗಳ ತೀರಿಲ್ಲ. ಆದರೆ ಯಾರೂ ಕೆದಕದಿದ್ದರೆ "ಹಾಕಿದ್ದು ನಾವೇ" ಎಂಬ ಅರ್ಧ ಮಾತೂ ಹೊರಗೆ ಬರುತ್ತಿರಲಿಲ್ಲ.

ನೀವು ಪರೀಕ್ಷೆಯಲ್ಲಿ ಬರೀ ಉತ್ತರಕ್ಕೆ ಅಂಕ ಕೊಡುತ್ತಿದ್ದಿರಾ? ಹಂತಕ್ಕೆ ಇಷ್ಟು ಎಂದು ಕೊಡುತ್ತಿದ್ದಿರಿ ಅಲ್ವಾ? ಈ ತನಿಖೆಯೂ ಹಾಗೇ. ಗುಂಡಿ ಎಷ್ಟು ಅಗಲ, ಎಷ್ಟು ಆಳ? ಲೋಹದ ಚೂರಿನ ಮೇಲೆ ನಂಬರ್ ಉಳಿದಿದೆಯೇ? ವಿಡಿಯೋದಲ್ಲಿ ನೆರಳು ಯಾವ ಕಡೆ ಬಿದ್ದಿದೆ, ಅದು ಎಷ್ಟು ಗಂಟೆಯ ನೆರಳು? ಸ್ಮಶಾನದಲ್ಲಿ ಹೊಸ ಗೋರಿ ಎಷ್ಟು? ಆಜ್ಮತ್ ಖಾನ್ ಮತ್ತು ಆನಂದ್ ಗೋಪಾಲ್ ಎಂಬ ಇಬ್ಬರು ಪತ್ರಕರ್ತರು ಇರಾಕಿನಲ್ಲಿ ಸುಮಾರು 150 ದಾಳಿಯ ಜಾಗಗಳಿಗೆ ಹೋಗಿ ಹೀಗೇ ಲೆಕ್ಕ ಹಾಕಿದರು. ಐದು ದಾಳಿಗೆ ಒಂದರಲ್ಲಿ ನಾಗರಿಕರು ಸತ್ತಿದ್ದರು. ಐಸಿಸ್ ವಿರುದ್ಧ ಹೋರಾಡುತ್ತಿದ್ದ ಅಮೆರಿಕದ ಸೇನಾ ಕೂಟ ಒಪ್ಪಿದ್ದಕ್ಕಿಂತ ಇದು 31 ಪಟ್ಟು ಜಾಸ್ತಿ. ಇಷ್ಟು ದೊಡ್ಡ ವ್ಯತ್ಯಾಸ ಕಂಡರೆ ಗಣಿತದ ಮೇಷ್ಟ್ರು ಸುಮ್ನೆ ಬಿಡಬಾರದು.

ನನಗೆ ಇದರ ಬಗ್ಗೆ ಇಷ್ಟು ಕಾಳಜಿ ಯಾಕೆ ಎಂದರೆ, 1991ರ ಫೆಬ್ರವರಿಯಲ್ಲಿ, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಹೊಸಬ. 13ನೇ ತಾರೀಕು ಬಾಗ್ದಾದಿನ ಅಮಿರಿಯಾದಲ್ಲಿ ಅಮೆರಿಕದ ಬಾಂಬಿಗೆ 400ಕ್ಕೂ ಹೆಚ್ಚು ಜನ ಸತ್ತರು. ಜನ ಅಡಗಿದ್ದ ಜಾಗ ಅದು. ಸೇನೆಯ ನಿಯಂತ್ರಣ ಕೇಂದ್ರ ಎಂದಿತು ಅಮೆರಿಕ. ನಾನು ಶೀರ್ಷಿಕೆಯಲ್ಲಿ "ಬಂಕರ್" ಎಂದು ಬರೆದೆ. ಪುಟ ಅಂಟಿಸುತ್ತಿದ್ದ ಹಿರಿಯರೊಬ್ಬರು ಸುದ್ದಿಯನ್ನು ಪೂರ್ತಿ ಓದಿ ಕೇಳಿದರು: "ಬಂಕರಿನಲ್ಲಿ ಮಕ್ಕಳು ಏನು ಮಾಡುತ್ತಿದ್ದವು ಸಾರ್?" ನನ್ನ ಬಳಿ ಉತ್ತರ ಇರಲಿಲ್ಲ. ಶೀರ್ಷಿಕೆ ಹಾಗೇ ಅಚ್ಚಾಯಿತು.

ಇಂದಿಗೂ ನಮ್ಮ ಪತ್ರಿಕೆ, ಚಾನೆಲ್‌ಗಳಲ್ಲಿ ನಡೆಯುವುದು ಅದೇ. ಸೇನೆಯ ಹೇಳಿಕೆ ಬಂದ ಗಂಟೆಯಲ್ಲೇ ಮುಖಪುಟಕ್ಕೆ. ಮೂರು ತಿಂಗಳ ಮೇಲೆ ಬಂದ ತನಿಖಾ ವರದಿಗೆ ಜಾಹೀರಾತು ಬಿಟ್ಟ ಮೂಲೆಯಲ್ಲಿ ನಾಲ್ಕು ಸಾಲು, ಅದೂ ಜಾಗ ಉಳಿದರೆ. ಎಲ್ಲಕ್ಕೂ "ಎನ್ನಲಾಗಿದೆ". ಅಂದವರು ಯಾರು? ಕೇಳುವಂತಿಲ್ಲ. "ಬಾಂಬ್ ಬಿತ್ತು" ಎಂದು ಬರೆಯುತ್ತೇವೆ, ತೆಂಗಿನಕಾಯಿ ಬಿದ್ದ ಹಾಗೆ. ಕನ್ನಡದಲ್ಲಿ "ಬಿತ್ತು" ಇದೆ, "ಹಾಕಿದರು" ಕೂಡ ಇದೆ. ಯಾರೆಂದು ಗೊತ್ತಿಲ್ಲದಿದ್ದರೆ "ಯಾರು ಹಾಕಿದರೆಂದು ಗೊತ್ತಾಗಿಲ್ಲ" ಎಂದು ಬರೆಯಲು ಎರಡೇ ಪದ ಹೆಚ್ಚು ಬೇಕು.

ಊರಿನ ಕಷ್ಟ ಬರೆಯುವಾಗಲೂ ಇದೇ ರೋಗ. "ಕಾಮಗಾರಿ ಸ್ಥಗಿತಗೊಂಡಿದೆ" ಎನ್ನುತ್ತೇವೆ, ನಿಲ್ಲಿಸಿದವರ ಹೆಸರಿಲ್ಲ. "ನೀರು ಕಲುಷಿತವಾಗಿದೆ" ಎನ್ನುತ್ತೇವೆ, ತಾನಾಗಿಯೇ ಆದ ಹಾಗೆ.

ಹೋದ ವಾರದಿಂದ ನಮ್ಮಲ್ಲಿ "ಬಾಂಬ್ ಬಿತ್ತು" ಎಂದು ಬಂದ ಬರಹಗಳ ಅಂಚಿನಲ್ಲಿ "ಹಾಕಿದ್ದು ಯಾರು?" ಎಂದು ಬರೆದು ವಾಪಸ್ ಕಳಿಸುತ್ತಿದ್ದೇನೆ. ನನ್ನ ಕಣ್ಣು ತಪ್ಪಿ ಅಚ್ಚಾದದ್ದು ಸಿಕ್ಕರೆ, ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ ಒಂದು ಕಾರ್ಡ್ ಬರೆಯಿರಿ ಮೇಷ್ಟ್ರೇ.

— ಸಂಪಾದಕ