ಕಾರಿನ ಚಾವಣಿಗೆ ಹೊಂದುವ ಲಗೇಜ್ ಬಾಕ್ಸ್ ಆರಿಸುವುದು ಹೇಗೆ?

ಕಾರಿನ ಚಾವಣಿಗೆ ಎಷ್ಟು ಲೀಟರಿನ ಬಾಕ್ಸ್ ಕೊಳ್ಳಲಿ ಎಂದು ಕೇಳಿದ್ದೀರಿ. ಲೀಟರಿನ ಲೆಕ್ಕ ಆಮೇಲೆ. ಮೊದಲು ವಾಹನದ ಕೈಪಿಡಿ ತೆರೆದು ಚಾವಣಿ ಎಷ್ಟು ಭಾರ ತಾಳುತ್ತದೆ ಎಂದು ನೋಡಿ. ಅನೇಕ ಕಾರುಗಳಲ್ಲಿ ಅದು 50ರಿಂದ 75 ಕೆಜಿ, ಕೆಲವದರಲ್ಲಿ 100. ಬಾಕ್ಸ್ ಕೂರಿಸಲು ಚಾವಣಿಗೆ ಅಡ್ಡಲಾಗಿ ಬಿಗಿಯುವ ಪಟ್ಟಿಗಳ ತೂಕ, ಖಾಲಿ ಬಾಕ್ಸಿನ ತೂಕ ಎರಡೂ ಈ ಮಿತಿಯೊಳಗೇ ಸೇರುತ್ತವೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಮಿತಿ 75 ಕೆಜಿ ಇದ್ದು, ಪಟ್ಟಿಗಳು 5, ಬಾಕ್ಸ್ 20 ಕೆಜಿ ತೂಗಿದರೆ ಸಾಮಾನಿಗೆ ಉಳಿಯುವುದು 50 ಮಾತ್ರ. ಪಟ್ಟಿಗಳಿಗೂ ಬಾಕ್ಸಿಗೂ ಅವುಗಳದೇ ಮಿತಿ ಇರುತ್ತದೆ; ಎಲ್ಲಕ್ಕಿಂತ ಕಡಿಮೆ ಇರುವುದನ್ನೇ ಪಾಲಿಸಿ.

ಆಮೇಲೆ ಉದ್ದ. ಹ್ಯಾಚ್‌ಬ್ಯಾಕ್, ಎಸ್‌ಯುವಿಗಳಲ್ಲಿ ಹಿಂಬಾಗಿಲನ್ನು ಪೂರ್ತಿ ಮೇಲೆತ್ತಿ, ಅದರ ಅಂಚು ಚಾವಣಿಯ ಮೇಲೆ ಎಲ್ಲಿಯವರೆಗೆ ಬರುತ್ತದೆ ಎಂದು ಟೇಪು ಹಿಡಿದು ಅಳೆಯಿರಿ. ಬಾಕ್ಸಿನ ಹಿಂತುದಿ ಅದಕ್ಕೆ ತಾಗದಂತೆ ಮುಂದೆಯೇ ನಿಲ್ಲಬೇಕು. ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ಬಡಿಯುತ್ತದೆ. ಮುಂದಕ್ಕೆ ಸರಿಸಿದರಾಯಿತು ಎನ್ನಬೇಡಿ. ಪಟ್ಟಿಗಳ ನಡುವಿನ ಅಂತರ ಬಾಕ್ಸಿನ ಕ್ಲಾಂಪುಗಳಿಗೆ ಹೊಂದಬೇಕು, ಮುಂದೆ ಹೆಚ್ಚು ಚಾಚಿದರೆ ಗಾಳಿಯ ಹೊಡೆತವೂ ಜೋರು.

ಪಕ್ಕದಲ್ಲಿ ಸೈಕಲ್ಲನ್ನೂ ಕಟ್ಟುವವರಾದರೆ ಕಿರಿದಾದ ಬಾಕ್ಸೇ ಸರಿ. ಎರಡೂ ಬದಿ ತೆರೆಯುವ ಮುಚ್ಚಳಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಾಕ್ಸ್ ಕೂರಿಸಿದ ಮೇಲೆ ನೆಲದಿಂದ ಒಟ್ಟು ಎತ್ತರ ಅಳೆದು, ಚಾಲಕನ ಕಣ್ಣಿಗೆ ಬೀಳುವಂತೆ ಬರೆದು ಅಂಟಿಸಿ. ತಗ್ಗು ಸೂರಿನ ಪಾರ್ಕಿಂಗಿಗೆ ನುಗ್ಗುವಾಗ ನೆನಪು ಕೈಕೊಡುವುದುಂಟು.