ಸಂಪಾದಕರ ಉತ್ತರ: ಆ ಬಾಂಡ್ ಪೇಪರಿಗೆ ಸಹಿ ಬೇಡ

ಅಂಕೋಲಾ ಕಡೆಯ ಓದುಗರೊಬ್ಬರು ಮೂರು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಅವರ ತಮ್ಮ ಸಾಹುಕಾರರೊಬ್ಬರ ಹತ್ತಿರ ಮೀನು, ಐಸ್ ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾನೆ. ಜುಲೈ ತಿಂಗಳ ಒಂದು ಸಂಜೆ, ಜೋರು ಮಳೆಯಲ್ಲಿ, ಹೆದ್ದಾರಿಯಿಂದ ಒಳರಸ್ತೆಗೆ ತಿರುಗುವಾಗ ಸ್ಕೂಟರಿಗೆ ಗುದ್ದಿದ. ಸವಾರರ ಕಾಲಿನ ಮೂಳೆ ಮುರಿಯಿತು. ಗಾಡಿಯ ಇನ್ಶೂರೆನ್ಸ್ ಏಪ್ರಿಲ್‌ನಲ್ಲೇ ಮುಗಿದಿತ್ತು. ಈಗ ಸಾಹುಕಾರರು ಎರಡು ತಿಂಗಳ ಸಂಬಳ ಹಿಡಿದಿದ್ದಾರೆ. ‘ಎಲ್ಲಾ ಖರ್ಚು ನಾನೇ ಕೊಡುತ್ತೇನೆ’ ಎಂದು ಬಾಂಡ್ ಪೇಪರಿನಲ್ಲಿ ಬರೆದು ಕೊಡು ಎನ್ನುತ್ತಿದ್ದಾರೆ. "ಗಾಡಿ ಅವರದು, ಇನ್ಶೂರೆನ್ಸ್ ಕಟ್ಟಬೇಕಾದವರು ಅವರು. ಓಡಿಸಿದ ತಪ್ಪಿಗೆ ಎಲ್ಲಾ ನನ್ನ ತಮ್ಮನೇ ತುಂಬಬೇಕಾ?" ಎಂಬುದು ಇವರ ಪ್ರಶ್ನೆ.

ಸಹಿ ಹಾಕುವ ದಿನ ಶುಕ್ರವಾರ ಎಂದು ಬರೆದಿದ್ದಿರಿ. ಪತ್ರಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವವರೆಗೆ ಕಾಯುವ ಹಾಗಿರಲಿಲ್ಲ. ಅದಕ್ಕೇ ಫೋನ್ ಮಾಡಿ ‘ಸಹಿ ಬೇಡ’ ಎಂದೆ. ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತೇನೆ. ಇಂಥದೇ ಕಷ್ಟದಲ್ಲಿರುವ ಚಾಲಕರು ಮಾಜಾಳಿಯಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯ ಅಡಿಕೆ ವಖಾರಿಗಳಲ್ಲಿ ಕೂಡ ಇರಬಹುದು.

ಮೊದಲು ನಿಮಗೆ ಹಿಡಿಸದ ಮಾತು. ನಿಮ್ಮ ತಮ್ಮ ಪೂರ್ತಿ ಹೊರಗಿನವನಲ್ಲ. ಅಜಾಗರೂಕತೆಯಿಂದ ಓಡಿಸಿದ್ದು ಎಂದು ಸಾಬೀತಾದರೆ ಕ್ರಿಮಿನಲ್ ಕೇಸು ಅವನದೇ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು ಸ್ಟೀರಿಂಗ್ ಹಿಡಿದವನನ್ನು ಕೇಳುತ್ತವೆ. ಇನ್ಶೂರೆನ್ಸ್ ಇದ್ದಿದ್ದರೂ ಇದು ತಪ್ಪುತ್ತಿರಲಿಲ್ಲ. ಪರಿಹಾರದ ಮಾತಿಗೆ ಬಂದರೆ, ಗಾಯಗೊಂಡವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋದಾಗ ಮಾಲೀಕರ ಜೊತೆ ಚಾಲಕನನ್ನೂ ಪ್ರತಿವಾದಿ ಮಾಡಬಹುದು. ಇಬ್ಬರೂ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಹೊಣೆ ಎಂದು ಆದೇಶ ಬರಬಹುದು. ಹಾಗೆಂದರೆ ಹಣ ಬರಬೇಕಾದವರು ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಹಾಗಾಗಿ ನೋಟಿಸ್ ಬಂದರೆ ‘ಸಾಹುಕಾರರು ನೋಡಿಕೊಳ್ತಾರೆ’ ಎಂದು ಸುಮ್ನೆ ಕೂರಬೇಡಿ. ಹಾಜರಾಗಿ ತಕರಾರು ಸಲ್ಲಿಸಲೇಬೇಕು.

ಆದರೆ ಸಾಹುಕಾರರು ಹೇಳುತ್ತಿರುವುದು ಬೇರೆ. ‘ನಾನು ಗಾಡಿಯಲ್ಲಿ ಇರಲೇ ಇಲ್ಲ’ ಎನ್ನುತ್ತಿದ್ದಾರೆ. ಆ ಮಾತು ನಡೆಯುವುದಿಲ್ಲ. ಕೆಲಸದವನು ಕೆಲಸದ ಮೇಲೆ ಹೋಗಿದ್ದಾಗ ಮಾಡಿದ ತಪ್ಪಿಗೆ ಕೆಲಸ ಕೊಟ್ಟವರೂ ಹೊಣೆ. ಇದು ಹಳೆಯ, ಗಟ್ಟಿಯಾದ ನಿಯಮ. ವಿಮಾ ಕಂಪನಿ ಇಲ್ಲದಿದ್ದರೆ ಆ ಭಾರ ನೇರ ಮಾಲೀಕರ ಮೇಲೆ ಬೀಳುತ್ತದೆ. ಒಮ್ಮೆ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆ ನೋಡಿ. ಗಾಡಿ ಕೈ ಬದಲಾದರೂ ಆರ್‌ಸಿ ಬದಲಾಗದಿದ್ದರೆ, ದಾಖಲೆಯಲ್ಲಿ ಹೆಸರಿದ್ದವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇನ್ನು ಇನ್ಶೂರೆನ್ಸ್ ಇಲ್ಲದ ಗಾಡಿ ಓಡಿಸಿದ ತಪ್ಪು. ಮೋಟಾರು ವಾಹನ ಕಾಯಿದೆಯ 146ನೇ ಕಲಮಿನಲ್ಲಿ ಕೂಲಿ ಚಾಲಕನಿಗಾಗಿಯೇ ಒಂದು ವಿವರಣೆ ಇದೆ. ಸಂಬಳಕ್ಕೆ ಗಾಡಿ ಓಡಿಸುವವನಿಗೆ ಪಾಲಿಸಿ ಇಲ್ಲ ಎಂಬುದು ಗೊತ್ತಿದ್ದರೆ, ಅಥವಾ ಹಾಗೆ ನಂಬಲು ಕಾರಣ ಇದ್ದರೆ ಮಾತ್ರ ಅವನು ಕಲಮು ಮುರಿದಂತೆ. ಗೊತ್ತೇ ಇರದಿದ್ದರೆ ಆ ತಪ್ಪು ಅವನದಲ್ಲ.

ಇಲ್ಲಿಗೆ ಬಂದಾಗ ನಿಮ್ಮ ಪತ್ರದ ಎರಡನೇ ಪುಟವನ್ನು ನಾನು ಮತ್ತೆ ಓದಿದೆ. ಮೇ ತಿಂಗಳಲ್ಲಿ ಹೊಗೆ ತಪಾಸಣೆಗೆ ಹೋದಾಗ ಅಲ್ಲಿಯ ಹುಡುಗ ‘ಇದರ ಡೇಟ್ ಮುಗಿದಿದೆಯಲ್ಲ’ ಎಂದಿದ್ದ. ಗಾಡಿಯ ಡ್ರಾಯರಿನಲ್ಲಿ, ಮಳೆಯ ಪಸೆಗೆ ಅಂಟಿಕೊಂಡ ಪ್ಲಾಸ್ಟಿಕ್ ಕವರಿನೊಳಗೆ ಆ ಪಾಲಿಸಿ ಇತ್ತು. ಏಪ್ರಿಲ್ ತಾರೀಕು, ಮಧ್ಯರಾತ್ರಿಯವರೆಗೆ ಎಂದು ಅಚ್ಚಾಗಿತ್ತು. ತಮ್ಮ ಅದರ ಫೋಟೋ ತೆಗೆದು ಸಾಹುಕಾರರಿಗೆ ಕಳಿಸಿದ. ವಾಟ್ಸಾಪ್‌ನಲ್ಲಿ ಧ್ವನಿಯಲ್ಲೇ ಉತ್ತರ ಬಂತು: "ಮಾಡಿಸ್ತೆ, ನೀ ಹೊಡಿ."

ಈ ಮಾತಿಗೆ ಎರಡು ಮುಖ ಇದೆ. ಇದರಿಂದ ತಮ್ಮನಿಗೆ ಗೊತ್ತಿತ್ತು ಎಂದಾಗುತ್ತದೆ. ಆ ವಿವರಣೆಯ ಆಸರೆ ಅವನಿಗೆ ಸಿಗುವುದು ಕಷ್ಟ. 196ನೇ ಕಲಮಿನ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆದರೆ ಅದೇ ಕಲಮು ಓಡಿಸಿದವನ ಜೊತೆ ಓಡಿಸಲು ಬಿಟ್ಟವರನ್ನೂ ಹಿಡಿಯುತ್ತದೆ. ಗೊತ್ತಿದ್ದೂ ಕಳಿಸಿದರು ಎಂಬುದಕ್ಕೆ ಆ ಧ್ವನಿಯೇ ಸಾಕ್ಷಿ. ಅದನ್ನು ಅಳಿಸಬೇಡಿ. ಫೋನನ್ನು ರಿಪೇರಿಗೂ ಕೊಡಬೇಡಿ. ವಕೀಲರ ಹತ್ತಿರ ಇದನ್ನು ಮುಚ್ಚಿಡಲೂ ಬೇಡಿ. ನಿಜ ಹೇಳಿದರೆ ತಮ್ಮನಿಗೆ ನಷ್ಟಕ್ಕಿಂತ ಲಾಭವೇ ಜಾಸ್ತಿ ಎಂಬುದು ನನ್ನ ನಂಬಿಕೆ.

ಕೊಟ್ಟ ಪರಿಹಾರವನ್ನು ಮಾಲೀಕರು ಕೆಲಸದವನಿಂದ ವಾಪಸ್ ಕೇಳಬಹುದಾ? ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ಇದೇ ಪ್ರಶ್ನೆ ದೊಡ್ಡ ಕೋರ್ಟಿಗೆ ಹೋಗಿತ್ತು. ಅದೂ ಐಸ್ ಕಂಪನಿಯದೇ ಲಾರಿ. ರಾಮ್‌ಫೋರ್ಡ್ ಐಸ್ ಎಂಬ ಕಂಪನಿಯ ಚಾಲಕ ಲಾರಿ ಹಿಂದೆ ತೆಗೆಯುವಾಗ, ಜೊತೆಗೆ ಕೆಲಸ ಮಾಡುತ್ತಿದ್ದ ಸ್ವಂತ ಅಪ್ಪನಿಗೇ ಗುದ್ದಿದ. ಅಪ್ಪನಿಗೆ ಪರಿಹಾರ ಕೊಟ್ಟ ವಿಮಾ ಕಂಪನಿ, ಮಾಲೀಕರ ಹೆಸರಿನಲ್ಲಿ ಮಗನ ಮೇಲೆ ದಾವೆ ಹಾಕಿ ಗೆದ್ದಿತು. ಆ ತೀರ್ಪು ಓದಿದಾಗ ನನಗೆ ಬೇಜಾರಾಗಿತ್ತು. ಆದರೆ ಅಲ್ಲಿ ಗಾಡಿಗೆ ಇನ್ಶೂರೆನ್ಸ್ ಇತ್ತು, ನೆನಪಿಡಿ. ಅದಕ್ಕೂ ಮೊದಲು, 1951ರ ಗ್ರೆಗರಿ ವಿರುದ್ಧ ಫೋರ್ಡ್ ಕೇಸಿನಲ್ಲಿ ಗಾಡಿಗೆ ಇನ್ಶೂರೆನ್ಸೇ ಇರಲಿಲ್ಲ. ಕಾನೂನು ಮುರಿಯುವ ಕೆಲಸವನ್ನು ಮಾಲೀಕರು ಹೇಳಬಾರದು ಎಂಬುದು ಕೆಲಸದ ಒಪ್ಪಂದದಲ್ಲಿ ಹೇಳದೆಯೂ ಸೇರಿರುತ್ತದೆ, ಇನ್ಶೂರೆನ್ಸ್ ಇಲ್ಲದ ಗಾಡಿ ಕೊಟ್ಟಿದ್ದು ಅದನ್ನು ಮುರಿದಂತೆ, ಆದ್ದರಿಂದ ಚಾಲಕನ ಮೇಲೆ ಬಿದ್ದ ಹೊರೆಯನ್ನು ಮಾಲೀಕರೇ ತುಂಬಿಕೊಡಬೇಕು ಎಂದಿತು ಕೋರ್ಟು. ನಮ್ಮ ನ್ಯಾಯಾಲಯಗಳು ಇದನ್ನು ಒಪ್ಪಲೇಬೇಕು ಎಂದೇನಿಲ್ಲ. ಆದರೂ ನಿಮ್ಮ ವಕೀಲರಿಗೆ ಈ ಹೆಸರು ಬರೆದು ಕೊಡಿ.

ಬಾಂಡ್ ಪೇಪರ್ ಬೇಡ ಎಂದಿದ್ದು ಇದಕ್ಕೇ. ಯಾರ ಪಾಲು ಎಷ್ಟು ಎಂದು ನ್ಯಾಯಮಂಡಳಿ ಇನ್ನೂ ನೋಡಿಲ್ಲ. ಅಷ್ಟರಲ್ಲಿ ತಮ್ಮ ‘ಎಲ್ಲಾ ನನ್ನದೇ’ ಎಂದು ಬರೆದರೆ, ಆ ಕಾಗದ ನಾಳೆ ಅವನ ಎದುರೇ ನಿಲ್ಲುತ್ತದೆ. ಬಲವಂತದಿಂದ ಹಾಕಿಸಿದ ಸಹಿ ಎಂದು ಆಮೇಲೆ ಹೇಳಬಹುದು, ಆದರೆ ಸಾಬೀತು ಮಾಡುವ ಕಷ್ಟವೂ ಅವನದೇ ಆಗುತ್ತದೆ.

ಸಂಬಳ ಹಿಡಿದಿದ್ದೂ ತಪ್ಪು. ಹಾನಿಯ ಹೆಸರಿನಲ್ಲಿ ಸಂಬಳ ಮುರಿಯಲು ಕಾನೂನಿನಲ್ಲಿ ಕಟ್ಟುಪಾಡಿದೆ. ಕೆಲಸದವನ ಮಾತು ಕೇಳದೆ ಮುರಿಯುವಂತಿಲ್ಲ. ಒಂದು ಸಂಬಳದಲ್ಲಿ ಎಲ್ಲಾ ಕಡಿತ ಸೇರಿ ಅರ್ಧಕ್ಕಿಂತ ಜಾಸ್ತಿ ಆಗಬಾರದು. ಪೂರ್ತಿ ಸಂಬಳ ಹಿಡಿಯಲು ಯಾವ ಆಧಾರವೂ ಇಲ್ಲ. ಕಾರ್ಮಿಕ ಇಲಾಖೆಯ ಕಚೇರಿಗೆ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

‘ನಿನಗೆ ಬ್ಯಾಡ್ಜ್ ಇಲ್ಲ, ಒಳಗೆ ಹೋಗ್ತೀಯ’ ಎಂದು ಹೆದರಿಸಿದ್ದಾರಂತೆ. ಬ್ಯಾಡ್ಜ್ ಎಂದರೆ ಬಾಡಿಗೆ, ಸರಕು ಗಾಡಿ ಓಡಿಸಲು ಲೈಸೆನ್ಸಿಗೆ ಸೇರಿಸುವ ಅನುಮತಿ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆ ಹೆದರಿಕೆ ಬಿಡಿ.

ವಕೀಲರ ಫೀಸಿಗೆ ದುಡ್ಡಿಲ್ಲ ಎಂದಿದ್ದೀರಿ. 15100ಕ್ಕೆ ಫೋನ್ ಮಾಡಿ, ಅಥವಾ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಎಫ್‌ಐಆರ್ ಪ್ರತಿ, ಲೈಸೆನ್ಸ್, ಆ ಫೋನ್ ಜೊತೆಗಿರಲಿ.

ಆಸ್ಪತ್ರೆಯಲ್ಲಿ ಮಲಗಿರುವವರನ್ನು ಮರೆಯಬೇಡಿ. ದಿನಗೂಲಿಯವರು ಎಂದು ಬರೆದಿದ್ದೀರಿ. ಇಂಥ ಸರಕು ಗಾಡಿಯ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರದಲ್ಲಿ ತೆರಿಗೆ ಬಿಟ್ಟು 16,049 ರೂಪಾಯಿ. ಅಷ್ಟು ಕಟ್ಟಿದ್ದರೆ ಅವರು ಪರಿಹಾರಕ್ಕಾಗಿ ಕೆಲಸದವನನ್ನೂ ಸಾಹುಕಾರರನ್ನೂ ಅಟ್ಟಿಸಿಕೊಂಡು ಓಡಬೇಕಾಗಿರಲಿಲ್ಲ. ತಮ್ಮ ಒಮ್ಮೆ ಹೋಗಿ ನೋಡಿ ಬರಲಿ. ಅದು ಮನುಷ್ಯತ್ವದ ಮಾತು, ಕೇಸಿನ ಮಾತು ಅಲ್ಲಿ ಬೇಡ.

ಸೋಮವಾರದಿಂದ ಇನ್ನೊಂದು ಗಾಡಿ ಹೊಡಿ ಎಂದು ಸಾಹುಕಾರರು ಕರೆದಿದ್ದಾರೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಮನೆ ನಡೆಯಬೇಕು, ಬೇಡ ಎನ್ನಲು ನಾನ್ಯಾರು? ಆದರೆ ಕೀಲಿ ಮುಟ್ಟುವ ಮೊದಲು ಆ ಗಾಡಿಯ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಲಿ. ಇನ್ಶೂರೆನ್ಸ್ ಯಾವ ತಾರೀಕಿನವರೆಗೆ ಇದೆ ಎಂದು ಅಲ್ಲೇ ಕಾಣುತ್ತದೆ. ಮುಗಿದಿದ್ದರೆ ಅದರ ಫೋಟೋ ಸಾಹುಕಾರರಿಗೆ ಕಳಿಸಲಿ. ಈ ಸಲ ‘ನೀ ಹೊಡಿ’ ಎಂದರೆ ಗಾಡಿ ಹತ್ತಬಾರದು.