ಓದುಗರ ಪ್ರಶ್ನೆ: ಮೊಮ್ಮಗಳ ಸಾಫ್ಟ್‌ಬಾಲ್ ನೋಡಲು ನಾವೂ ಹೋಗಬೇಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯ ವಿದ್ಯಾನಗರದ ನಿವೃತ್ತ ದಂಪತಿ. ಮಗನ ಕುಟುಂಬ ಅಮೆರಿಕದ ಡಲ್ಲಾಸ್‌ನಲ್ಲಿದೆ. ಹದಿಮೂರು ವರ್ಷದ ಮೊಮ್ಮಗಳು ಅಲ್ಲಿನ ಕ್ಲಬ್ಬೊಂದರ ಪರವಾಗಿ ಸಾಫ್ಟ್‌ಬಾಲ್ ಆಡುತ್ತಾಳೆ. ಜೂನ್‌ನಲ್ಲಿ ನಾವು ಹೋದಾಗ, ಓಕ್ಲಹೋಮ ಸಿಟಿಯ ಟೂರ್ನಿಗೆ ಎಲ್ಲರೂ ಕಾರಿನಲ್ಲಿ ಹೋಗೋಣ ಎನ್ನುತ್ತಿದ್ದಾನೆ ಮಗ. ಆ ಆಟದ ಗಂಧಗಾಳಿ ನಮಗಿಲ್ಲ; ನನಗೆ ಮೊಣಕಾಲು ನೋವು ಬೇರೆ. ಯಜಮಾನರು ತಾವೂ ಸ್ವಲ್ಪ ದೂರ ಕಾರು ಓಡಿಸುವುದಾಗಿ ಹೇಳುತ್ತಾರೆ. ನಾವು ಹೋಗುವುದು ಸರಿಯೇ, ಮನೆಯಲ್ಲಿ ಉಳಿಯುವುದು ಲೇಸೇ?

ಉತ್ತರ: ಅಮ್ಮಾ, ತಾವಿಬ್ಬರೂ ಅವಶ್ಯವಾಗಿ ಹೋಗಬೇಕು. ಡಲ್ಲಾಸ್‌ನಿಂದ ಓಕ್ಲಹೋಮ ಸಿಟಿಗೆ 35ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಸುಮಾರು 330 ಕಿಲೋಮೀಟರ್. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ತುಮಕೂರಿನಷ್ಟು ದೂರ. ದಾರಿಯಲ್ಲಿ ಒಂದೆರಡು ಕಡೆ ಇಳಿದು ಹತ್ತು ನಿಮಿಷ ನಡೆದಾಡಿದರೆ ಮೊಣಕಾಲಿಗೆ ಅಷ್ಟಾಗಿ ತ್ರಾಸಾಗದು. ಮಗನಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಆಟದ ವಿಷಯಕ್ಕೆ ಬರೋಣ. ಕ್ರಿಕೆಟ್ ನೋಡಿದವರಿಗೆ ಇದು ಒಂದೇ ದಿನದಲ್ಲಿ ಹಿಡಿತಕ್ಕೆ ಬರುತ್ತದೆ. ಚೆಂಡು ಎಸೆಯುವ ಪಿಚರ್ ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಬಳಿಯಿಂದ, ಕೈ ಕೆಳಗಿರುವಂತೆಯೇ ಚೆಂಡನ್ನು ಬಿಡುತ್ತಾಳೆ. ಕ್ರಿಕೆಟ್‌ನಲ್ಲಿ ವಿಕೆಟ್‌ನಿಂದ ವಿಕೆಟ್‌ಗೆ 66 ಅಡಿ. ಇಲ್ಲಿ ತಮ್ಮ ಮೊಮ್ಮಗಳ ವಯೋಮಾನದವರಿಗೆ ಎಸೆಯುವ ಜಾಗದಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ಗೆ 43 ಅಡಿ ಮಾತ್ರ. ಆದ್ದರಿಂದ ಹೊಡೆಯಬೇಕೆ, ಬಿಡಬೇಕೆ ಎಂದು ನಿರ್ಧರಿಸಲು ಹುಡುಗಿಗೆ ಸಿಗುವ ಕಾಲ ಕಣ್ಣು ಮಿಟುಕಿಸುವಷ್ಟು. ಗೆರೆಗಳ ಒಳಗೆ ಚೆಂಡು ಹೋದರೆ ಓಡಲೇಬೇಕು, ಕ್ರಿಕೆಟ್‌ನಂತೆ ನಿಂತುಕೊಳ್ಳುವ ಅವಕಾಶವಿಲ್ಲ. 60 ಅಡಿ ದೂರದ ಮೊದಲ ಬೇಸ್‌ಗೆ, ಅಂದರೆ ಓಡಿ ಮುಟ್ಟಬೇಕಾದ ನೆಲೆಗೆ, ಅವಳಿಗಿಂತ ಮೊದಲು ಚೆಂಡು ತಲುಪಿದರೆ ಔಟ್. ಬೀಸಿದರೂ ತಾಗದ, ಇಲ್ಲವೇ ಹೊಡೆಯುವಂತೆ ಬಂದರೂ ಬೀಸದೆ ಬಿಟ್ಟ ಎಸೆತ ಸ್ಟ್ರೈಕ್; ಮೂರು ಸ್ಟ್ರೈಕ್ ಆದರೂ ಔಟ್. ಹೊಡೆಯುವ ವ್ಯಾಪ್ತಿಯ ಆಚೆ ಬಂದು, ಅವಳು ಬೀಸದೆ ಬಿಟ್ಟ ಎಸೆತಕ್ಕೆ ಬಾಲ್ ಎನ್ನುತ್ತಾರೆ; ನಾಲ್ಕು ಬಾಲ್ ಆದರೆ ಮೊದಲ ಬೇಸ್ ಉಚಿತ. ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಬದಲು, ಒಟ್ಟು ಏಳು ಇನಿಂಗ್ಸ್.

ಇಷ್ಟು ತಿಳಿದ ಮೇಲೆ ಇನ್ನೊಂದನ್ನು ಗಮನಿಸಿ, ಏಕೆಂದರೆ ಅಜ್ಜ-ಅಜ್ಜಿಯರು ತಪ್ಪು ತಿಳಿಯುವುದು ಇಲ್ಲಿಯೇ. ಹತ್ತು ಸಲ ಬ್ಯಾಟ್ ಬೀಸಲು ನಿಂತು ಮೂರು ಸಲ ಹೊಡೆತ ಸಂದರೂ ಅವಳನ್ನು ಒಳ್ಳೆಯ ಬ್ಯಾಟರ್ ಎಂದೇ ಎಣಿಸುತ್ತಾರೆ. ಎಷ್ಟೋ ಸಲ, ಬೇಸ್ ಮೇಲಿರುವ ಜತೆಗಾತಿಯನ್ನು ಮುಂದಕ್ಕೆ ದಾಟಿಸಲೆಂದೇ ಚೆಂಡನ್ನು ಮೆಲ್ಲನೆ ತಟ್ಟಿ ತಾನು ಔಟಾಗುತ್ತಾಳೆ. ಇದಕ್ಕೆ ಬಂಟ್ ಎನ್ನುತ್ತಾರೆ, ತಂಡದ ಗೆಳತಿಯರು ಅದಕ್ಕೆ ಚಪ್ಪಾಳೆ ತಟ್ಟುತ್ತಾರೆ. ಆದುದರಿಂದ ಮರಳುವ ದಾರಿಯಲ್ಲಿ, ಅದೂ ಸೋತ ದಿನ, ಮೂರೂವರೆ ಗಂಟೆ ಒಂದೇ ಕಾರಿನಲ್ಲಿ ಕುಳಿತಿರುವಾಗ, ಯಾಕೆ ಔಟಾದೆ ಎಂದು ಕೇಳಬೇಡಿ. ಆಟದ ಮಾತನ್ನು ಅವಳೇ ತೆಗೆಯಲಿ. ತೆಗೆದರೆ, ತಾವು ಕಣ್ಣಾರೆ ಕಂಡ ಒಂದು ಓಟವನ್ನೋ ಒಂದು ಕ್ಯಾಚನ್ನೋ ಹೆಸರಿಸಿ ಹೇಳಿ. ಆ ವಯಸ್ಸಿನ ಮಗುವಿಗೆ, ನನ್ನ ಅಜ್ಜಿ ನನ್ನ ಆಟವನ್ನು ನಿಜವಾಗಿ ನೋಡಿದಳು ಎಂಬುದು ಬಹಳ ದೊಡ್ಡದು. ತಾವು ಹೋಗಲೇಬೇಕೆಂದು ನಾನು ಒತ್ತಾಯಿಸುವುದೂ ಇದಕ್ಕಾಗಿಯೇ.

ಜೂನ್‌ನಲ್ಲಿ ನಮ್ಮಲ್ಲಿ ಮುಂಗಾರು ಹಿಡಿದಿರುತ್ತದೆ, ಅಲ್ಲಿ ಕಡು ಬೇಸಿಗೆ. ಟೂರ್ನಿಯಲ್ಲಿ ಒಂದೇ ದಿನ ಎರಡು-ಮೂರು ಪಂದ್ಯಗಳಿರುವುದುಂಟು. ಮಡಚುವ ಕುರ್ಚಿ, ಕೊಡೆ, ಟೋಪಿ, ಸಾಕಷ್ಟು ನೀರು ಜತೆಗಿರಲಿ. ಮಿಂಚು ಕಂಡರೆ ಆಟ ನಿಲ್ಲಿಸಿ, ಕೊನೆಯ ಮಿಂಚಿನ ನಂತರ ಸಾಮಾನ್ಯವಾಗಿ ಅರ್ಧ ಗಂಟೆ ಕಾಯುತ್ತಾರೆ. ಆಗ ಕಾರಿನೊಳಗೆ ಹೋಗಿ ಕುಳಿತುಕೊಳ್ಳಿ. ಬಿಡುವು ಸಿಕ್ಕರೆ ಅಲ್ಲಿನ ಸಾಫ್ಟ್‌ಬಾಲ್ ಕ್ರೀಡಾಂಗಣವನ್ನು ಮೊಮ್ಮಗಳ ಜತೆ ನೋಡಿ ಬನ್ನಿ. ಕಾಲೇಜು ಮಹಿಳೆಯರ ವಿಶ್ವ ಸರಣಿ ಅಲ್ಲೇ ನಡೆಯುತ್ತದೆ; 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಪಂದ್ಯಗಳಿಗೂ ಅದನ್ನೇ ಗೊತ್ತುಮಾಡಿದ್ದಾರೆ.

ಯಜಮಾನರು ಈ ಪ್ರಯಾಣದಲ್ಲಿ ಸ್ಟೀರಿಂಗ್ ಹಿಡಿಯದಿರುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ, ಸ್ಟೀರಿಂಗ್ ಎಡಕ್ಕಿರುತ್ತದೆ, ವೇಗದ ಫಲಕಗಳು ಮೈಲಿಯಲ್ಲಿರುತ್ತವೆ. ಇದಕ್ಕೆ ಒಗ್ಗಿಕೊಳ್ಳಲು ಹೆದ್ದಾರಿ ತಕ್ಕ ಜಾಗವಲ್ಲ. ಮುಂದೆ ಮನೆಯ ಸುತ್ತಮುತ್ತ ಓಡಿಸುವ ಆಸೆಯಿದ್ದರೆ, ಹೊರಡುವ ಮೊದಲೇ ಇಲ್ಲಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಲಿ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಲೈಸೆನ್ಸ್ ಜತೆಗಿರಲೇಬೇಕು. ಮಗನ ಕಾರಿನ ವಿಮೆ ಇವರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಮಗ ವಿಮಾ ಕಂಪನಿಯನ್ನು ಕೇಳಿ ಖಚಿತಪಡಿಸಿಕೊಳ್ಳಲಿ.

ದಾರಿಯ ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ; ಕೆಡುವುದಿಲ್ಲ. ಹಣ್ಣು, ತರಕಾರಿ ಬೇಡ. ಏನು ಒಯ್ದರೂ ಅಮೆರಿಕದಲ್ಲಿ ಇಳಿದ ಕೂಡಲೇ ಕಸ್ಟಮ್ಸ್ ಅಧಿಕಾರಿಗಳಿಗೆ ಆಹಾರವಿದೆ ಎಂದು ತಿಳಿಸಿ. ತಿಳಿಸದೆ ಸಿಕ್ಕಿಬಿದ್ದರೆ ದಂಡ ತೆರಬೇಕಾಗುತ್ತದೆ.